‘ಶೇಕಡಾ 40 ಇಲ್ಲ’ ಎಂದು ಕಾಲೇಜು ಕೈಚೆಲ್ಲಿದರೆ ದೂರು ಯಾರಿಗೆ, ಹೇಗೆ?

ಪ್ರಶ್ನೆ: ನಾನು ತುಮಕೂರಿನ ಒಂದು ಅನುದಾನಿತ ಕಾಲೇಜಿನಲ್ಲಿ ಬಿ.ಕಾಂ. ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ಊರು ಕೊರಟಗೆರೆ ತಾಲ್ಲೂಕಿನಲ್ಲಿದೆ, ದಿನವೂ ಬಸ್ಸಿನಲ್ಲಿ ಓಡಾಟ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ ಇದೆ. ಬಲಗೈ ಬೆರಳುಗಳು ಬಿಗಿಯಾಗಿರುವುದರಿಂದ ಬರೆಯುವುದು ನಿಧಾನ, ಬಲಗಾಲನ್ನು ಎಳೆದು ನಡೆಯುತ್ತೇನೆ. ಯುಡಿಐಡಿ ಕಾರ್ಡಿನಲ್ಲಿ (ವಿಕಲಚೇತನರ ಗುರುತಿನ ಚೀಟಿ) ಅಂಗವೈಕಲ್ಯ ಶೇಕಡಾ 35 ಎಂದಿದೆ. ಈ ವರ್ಷ ನಮ್ಮ ತರಗತಿಯನ್ನು ಎರಡನೇ ಮಹಡಿಗೆ ಹಾಕಿದ್ದಾರೆ, ಲಿಫ್ಟ್ ಇಲ್ಲ. ಆಂತರಿಕ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಿದಾಗ ‘40 ಪರ್ಸೆಂಟ್ ಆಗಿಲ್ಲ, ನಿನಗೆ ಅನ್ವಯಿಸುವುದಿಲ್ಲ’ ಎಂದರು. ತಡವಾಗಿ ತರಗತಿಗೆ ಹೋದ ದಿನ ಅಧ್ಯಾಪಕರೊಬ್ಬರು ಎಲ್ಲರೆದುರು ‘ಇಷ್ಟು ಕಷ್ಟವಾದರೆ ಮನೆಯಲ್ಲೇ ಕುಳಿತು ದೂರಶಿಕ್ಷಣ ಮಾಡಬಹುದಲ್ಲ’ ಎಂದರು. ದೂರು ಕೊಡಬೇಕೆಂದಿದ್ದೇನೆ. ಯಾರಿಗೆ, ಹೇಗೆ? ಕೊಟ್ಟರೆ ಆಂತರಿಕ ಅಂಕ ಕತ್ತರಿಸುತ್ತಾರೆ ಎಂಬ ಭಯವಿದೆ. ‘ಇನ್ನೊಂದು ವರ್ಷ ತಾನೇ, ಸುಮ್ಮನೆ ಮುಗಿಸು’ ಎನ್ನುತ್ತಾರೆ ಅಪ್ಪ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ದೂರುಗಳು ಒಂದೇ ಉಸಿರಿನಲ್ಲಿ ಬಂದಿವೆ. ಮಹಡಿಯ ತರಗತಿ, ಪರೀಕ್ಷೆಯ ಸಮಯ, ಅಧ್ಯಾಪಕರ ಮಾತು. ಮೂರಕ್ಕೂ ಕಾನೂನಿನಲ್ಲಿ ಬೇರೆ ಬೇರೆ ದಾರಿ, ಬೇರೆ ಬೇರೆ ಪುರಾವೆ. ಒಂದೇ ಕಾಗದದಲ್ಲಿ ಮೂರನ್ನೂ ತುಂಬಿ ಕೊಟ್ಟರೆ ಓದುವವರು ಅಧ್ಯಾಪಕರ ಮಾತನ್ನಷ್ಟೇ ಹಿಡಿದುಕೊಂಡು ‘ಸಂಬಂಧಪಟ್ಟವರಿಗೆ ತಿಳಿವಳಿಕೆ ನೀಡಲಾಗಿದೆ’ ಎಂದು ಷರಾ ಬರೆದು ಕಡತ ಮುಚ್ಚುತ್ತಾರೆ. ಮಹಡಿ ಇದ್ದಲ್ಲೇ ಇರುತ್ತದೆ, ಸಮಯವೂ ಸಿಗುವುದಿಲ್ಲ. ಆದ್ದರಿಂದ ಒಂದೊಂದನ್ನೇ ಬಿಡಿಸಿ ನೋಡೋಣ.

ಮೊದಲು ಆ ನಲವತ್ತರ ಲೆಕ್ಕ. ಇದು ಅರ್ಧ ಸತ್ಯ, ಆದ್ದರಿಂದಲೇ ಇಷ್ಟು ಧೈರ್ಯವಾಗಿ ಹೇಳುತ್ತಾರೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಶೇಕಡಾ 40ರ ಗೆರೆ ಇರುವುದು ನಿಜ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡಾ 5 ಸೀಟು ಮೀಸಲು, ವಯೋಮಿತಿಯಲ್ಲಿ 5 ವರ್ಷದ ಸಡಿಲಿಕೆ, ಸರ್ಕಾರಿ ನೌಕರಿಯಲ್ಲಿ ಮೀಸಲಾತಿ, ಇಂಥವಕ್ಕೆ ಆ ಗೆರೆ ದಾಟಿರಬೇಕು. ನೀವು ಕೇಳುತ್ತಿರುವುದು ಮೀಸಲಾತಿಯನ್ನಲ್ಲ. ತಾರತಮ್ಯ ಮಾಡಬಾರದು ಎಂದು ಹೇಳುವ ಸೆಕ್ಷನ್ 3 ಮತ್ತು ಕಾಲೇಜಿನ ಕರ್ತವ್ಯ ಹೇಳುವ ಸೆಕ್ಷನ್ 16, ಇವೆರಡರಲ್ಲೂ ಶೇಕಡಾವಾರಿನ ಮಾತೇ ಇಲ್ಲ. ದೀರ್ಘಕಾಲದ ನ್ಯೂನತೆಯಿಂದ ಇತರರ ಸಮಕ್ಕೆ ಪಾಲ್ಗೊಳ್ಳಲು ಅಡ್ಡಿಯಾಗುತ್ತಿರುವ ಯಾರೇ ಆದರೂ ಆ ಸೆಕ್ಷನ್‌ಗಳ ವ್ಯಾಪ್ತಿಗೆ ಬರುತ್ತಾರೆ. ಸೆರೆಬ್ರಲ್ ಪಾಲ್ಸಿಯಂತೂ ಕಾಯ್ದೆಯ ಅನುಸೂಚಿಯಲ್ಲಿರುವ 21 ಬಗೆಗಳಲ್ಲಿ ಹೆಸರಿಟ್ಟು ಹೇಳಿರುವಂಥದ್ದು.

ಈ ಗೊಂದಲವನ್ನು ಸುಪ್ರೀಂ ಕೋರ್ಟ್ 2021ರ ಫೆಬ್ರವರಿ 11ರಂದೇ ಬಗೆಹರಿಸಿದೆ. ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಗೆ ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇತ್ತು. ನಾಗರಿಕ ಸೇವಾ ಪರೀಕ್ಷೆಗೆ ಸ್ಕ್ರೈಬ್ (ಹೇಳಿದ್ದನ್ನು ಬರೆದುಕೊಡುವ ಸಹಾಯಕ) ಕೇಳಿದರೆ, ನಿಗದಿತ ಪ್ರಮಾಣದ ಅಂಗವೈಕಲ್ಯ ಇಲ್ಲವೆಂದು ಕೇಂದ್ರ ಲೋಕಸೇವಾ ಆಯೋಗ ನಿರಾಕರಿಸಿತು. ಸಮಂಜಸ ಅನುಕೂಲ ಪಡೆಯುವ ಹಕ್ಕನ್ನು ಶೇಕಡಾ 40ಕ್ಕೆ ಕಟ್ಟಿಹಾಕುವಂತಿಲ್ಲ ಎಂದು ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು. ಆ ತೀರ್ಪಿನ ನಂತರ 2022ರ ಆಗಸ್ಟ್‌ನಲ್ಲಿ ಕೇಂದ್ರದ ವಿಕಲಚೇತನರ ಸಬಲೀಕರಣ ಇಲಾಖೆ, ಶೇಕಡಾ 40ಕ್ಕಿಂತ ಕಡಿಮೆ ಇದ್ದು ಬರೆಯಲು ತೊಂದರೆ ಇರುವವರಿಗಾಗಿಯೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಅದರಲ್ಲಿದೆ. ಒಂದು ಗಂಟೆಯ ಕಿರುಪರೀಕ್ಷೆಗೆ 20 ನಿಮಿಷ, ಮೂರು ಗಂಟೆಯ ಸೆಮಿಸ್ಟರ್ ಪರೀಕ್ಷೆಗೆ ಒಂದು ಗಂಟೆ.

ಇಲ್ಲೇ ನೀವು ಮಾಡಬೇಕಾದ ಒಂದು ಕೆಲಸವಿದೆ. ಅದನ್ನು ಮಾಡದೆ ದೂರು ಕೊಟ್ಟರೆ ಕಾಲೇಜಿಗೆ ತಪ್ಪಿಸಿಕೊಳ್ಳಲು ದಾರಿಯಾಗುತ್ತದೆ. ಶೇಕಡಾ 40ಕ್ಕಿಂತ ಕಡಿಮೆ ಇರುವವರು ‘ಬರೆಯಲು ತೊಂದರೆ ಇದೆ’ ಎಂಬ ಪ್ರತ್ಯೇಕ ವೈದ್ಯಕೀಯ ಪ್ರಮಾಣಪತ್ರ ತರಬೇಕು. ಅದಕ್ಕೆ ನಿಗದಿತ ನಮೂನೆ ಇದೆ, ಸರ್ಕಾರಿ ಆಸ್ಪತ್ರೆಯ ಮುಖ್ಯಸ್ಥರ ಮಟ್ಟದ ಅಧಿಕಾರಿಯ ಸಹಿ ಬೇಕು. ಯುಡಿಐಡಿ ಕಾರ್ಡ್ ಈ ಪ್ರಮಾಣಪತ್ರದ ಕೆಲಸ ಮಾಡುವುದಿಲ್ಲ, ಏಕೆಂದರೆ ಅದರಲ್ಲಿ ಶೇಕಡಾವಾರು ಇರುತ್ತದೆಯೇ ಹೊರತು ಕೈಯಲ್ಲಿ ಬರೆಯುವುದು ಎಷ್ಟು ಕಷ್ಟ ಎಂಬುದು ಇರುವುದಿಲ್ಲ. ತುಮಕೂರು ಜಿಲ್ಲಾ ಆಸ್ಪತ್ರೆಗೆ ಹೋಗಿ ಜಿಲ್ಲಾ ಶಸ್ತ್ರಚಿಕಿತ್ಸಕರ ಕಚೇರಿಯಲ್ಲಿ ವಿಚಾರಿಸಿ. ನಮೂನೆಯನ್ನು ಮುದ್ರಿಸಿಕೊಂಡೇ ಹೋಗುವುದು ಒಳ್ಳೆಯದು. ಎಷ್ಟೋ ಸಲ ಗುಮಾಸ್ತರಿಗೂ ಆ ನಮೂನೆ ಹೊಸದು, ‘ಆನ್‌ಲೈನ್ ಅರ್ಜಿ ಹಾಕಿ’ ಎಂದು ಮತ್ತೆ ಯುಡಿಐಡಿ ಕಡೆಗೇ ತಿರುಗಿಸಿ ಕಳಿಸುತ್ತಾರೆ.

ಇನ್ನು ಎರಡನೇ ಮಹಡಿ. ಮೂರರಲ್ಲಿ ನಿಮ್ಮ ಪಕ್ಷ ಅತ್ಯಂತ ಗಟ್ಟಿಯಾಗಿರುವುದು ಇಲ್ಲಿಯೇ, ಆದರೆ ಕೇಳುವ ರೀತಿ ತಿಳಿದಿರಬೇಕು. ಕಾಯ್ದೆಯ ಪ್ರಕಾರ ಸಮಂಜಸ ಅನುಕೂಲ ಎಂದರೆ ಆ ವ್ಯಕ್ತಿಗೆ ಬೇಕಾದ, ಸಂಸ್ಥೆಗೆ ವಿಪರೀತ ಹೊರೆಯಾಗದ ಮಾರ್ಪಾಡು. ನೀವು ‘ಲಿಫ್ಟ್ ಹಾಕಿಸಿ’ ಎಂದು ಬರೆದರೆ ಪ್ರಾಂಶುಪಾಲರು ಆಡಳಿತ ಮಂಡಳಿಯ ಕಡೆ ಕೈ ತೋರಿಸುತ್ತಾರೆ, ಆಡಳಿತ ಮಂಡಳಿ ಅನುದಾನದ ಕಡೆ ಕೈ ತೋರಿಸುತ್ತದೆ, ಅಷ್ಟರಲ್ಲಿ ನಿಮ್ಮ ಪದವಿ ಮುಗಿದಿರುತ್ತದೆ. ‘ನಮ್ಮ ತರಗತಿಯನ್ನು ನೆಲಮಹಡಿಯ ಕೊಠಡಿಗೆ ಬದಲಾಯಿಸಿ’ ಎಂದು ಕೇಳಿ. ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ, ವೇಳಾಪಟ್ಟಿಯಲ್ಲಿ ಎರಡು ಕೊಠಡಿ ಸಂಖ್ಯೆ ಅದಲುಬದಲಾದರೆ ಮುಗಿಯಿತು. ಖರ್ಚಿಲ್ಲದ ಮಾರ್ಪಾಡನ್ನು ನಿರಾಕರಿಸಿದರೆ ‘ಹೊರೆ’ ಎಂಬ ನೆಪ ನಿಲ್ಲುವುದಿಲ್ಲ. ಹಾಗೆ ನಿರಾಕರಿಸುವುದನ್ನೇ ಸೆಕ್ಷನ್ 2(ಎಚ್) ತಾರತಮ್ಯ ಎಂದು ಕರೆದಿದೆ. ಇದನ್ನು ಎರಡು ಸಲ ಓದಿ. ಬೈಯಬೇಕಾಗಿಲ್ಲ, ಹೊರಗೆ ಕಳಿಸಬೇಕಾಗಿಲ್ಲ, ಕೊಡಬಹುದಾದ ಅನುಕೂಲವನ್ನು ಕೊಡದಿದ್ದರೇ ಸಾಕು, ಅದು ತಾರತಮ್ಯ. ಲಿಫ್ಟ್, ರ‍್ಯಾಂಪ್, ಶೌಚಾಲಯಗಳ ಬೇಡಿಕೆ ಬೇಡವೆಂದಲ್ಲ. ಕಟ್ಟಡ ಸುಗಮವಾಗಿರಬೇಕು ಎಂಬುದೂ ಸೆಕ್ಷನ್ 16ರಲ್ಲೇ ಇದೆ. ಅದನ್ನು ಬೇರೆ ಅರ್ಜಿಯಲ್ಲಿ, ಸಾಧ್ಯವಾದರೆ ಇತರ ವಿದ್ಯಾರ್ಥಿಗಳ ಸಹಿಯನ್ನೂ ಸೇರಿಸಿ ಕೊಡಿ.

‘ಕೇಳಿದೆ’ ಎಂದಿದ್ದೀರಿ. ಬಾಯಲ್ಲಿ ಕೇಳಿದ್ದೀರಿ ಎಂದು ನಿಮ್ಮ ಪತ್ರ ಓದಿದರೆ ಗೊತ್ತಾಗುತ್ತದೆ. ತುಮಕೂರಿನ ನ್ಯಾಯಾಲಯದಲ್ಲಿ ವಕಾಲತ್ತು ಮಾಡುವವನಾಗಿ ಹೇಳುತ್ತೇನೆ, ಇಂಥ ದೂರುಗಳು ಬಿದ್ದುಹೋಗುವುದು ಕಾನೂನು ಸಾಲದೆ ಅಲ್ಲ, ಮೊಹರು ಬಿದ್ದ ಒಂದು ಕಾಗದ ಇಲ್ಲದೆ. ಬೆಂಗಳೂರಿನಲ್ಲಿರುವ ವಿಕಲಚೇತನರ ಕಾಯ್ದೆಯ ರಾಜ್ಯ ಆಯುಕ್ತರವರೆಗೆ ಹೋದ ದೂರಿಗೆ ಕಾಲೇಜು ಕೊಡುವ ಮೊದಲ ಉತ್ತರವನ್ನು ನಾನು ಕಣ್ಣು ಮುಚ್ಚಿ ಹೇಳಬಲ್ಲೆ: ‘ಸದರಿ ವಿದ್ಯಾರ್ಥಿನಿಯು ಈ ಸಂಬಂಧ ಯಾವುದೇ ಲಿಖಿತ ಮನವಿಯನ್ನು ನಮ್ಮ ಕಚೇರಿಗೆ ಸಲ್ಲಿಸಿರುವುದಿಲ್ಲ.’ ಒಂದೇ ವಾಕ್ಯ. ಅದನ್ನು ಸುಳ್ಳೆಂದು ತೋರಿಸಲು ನಿಮ್ಮಲ್ಲಿ ಏನೂ ಇರುವುದಿಲ್ಲ.

ಹಾಗಾಗಿ ದೂರಿಗಿಂತ ಮೊದಲು ಮನವಿ. ತರಗತಿಯ ಬಗ್ಗೆ ಒಂದು, ಪರೀಕ್ಷೆಯ ಬಗ್ಗೆ ಇನ್ನೊಂದು. ನಮ್ಮ ಮಕ್ಕಳಿಗೆ ಅರ್ಜಿ ಎಂದರೆ ‘ನಾನು ಬಡ ಕುಟುಂಬದವಳಾಗಿದ್ದು, ದಯಮಾಡಿ ಕರುಣೆ ತೋರಿ’ ಎಂದೇ ಶುರು ಮಾಡಬೇಕೆಂಬ ಅಭ್ಯಾಸವಾಗಿದೆ. ಕರುಣೆ ಕೇಳಿದರೆ ಕರುಣೆ ತೋರಿಸುವುದೂ ಬಿಡುವುದೂ ಅವರ ಇಷ್ಟವಾಗಿಬಿಡುತ್ತದೆ. ಹೀಗೆ ಬರೆಯಿರಿ:

‘ಗೆ, ಪ್ರಾಂಶುಪಾಲರು (ಕಾಲೇಜಿನ ಹೆಸರು), ತುಮಕೂರು.
ವಿಷಯ: ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಸೆಕ್ಷನ್ 16ರಂತೆ ತರಗತಿಯನ್ನು ನೆಲಮಹಡಿಗೆ ಸ್ಥಳಾಂತರಿಸುವ ಬಗ್ಗೆ.
ಮಾನ್ಯರೇ, ನಾನು ಬಿ.ಕಾಂ. ಐದನೇ ಸೆಮಿಸ್ಟರ್ ವಿದ್ಯಾರ್ಥಿನಿ, ನೋಂದಣಿ ಸಂಖ್ಯೆ ಇಂತಿಷ್ಟು. ನನಗೆ ಸೆರೆಬ್ರಲ್ ಪಾಲ್ಸಿ ಇದ್ದು ಯುಡಿಐಡಿ ಕಾರ್ಡಿನ ಪ್ರತಿ ಲಗತ್ತಿಸಿದೆ. ಇಂತಹ ದಿನಾಂಕದಿಂದ ನಮ್ಮ ತರಗತಿಗಳು ಎರಡನೇ ಮಹಡಿಯ ಇಂತಹ ಕೊಠಡಿಯಲ್ಲಿ ನಡೆಯುತ್ತಿವೆ. ಅಲ್ಲಿಗೆ ಇಷ್ಟು ಮೆಟ್ಟಿಲುಗಳಿವೆ, ಲಿಫ್ಟ್ ಇರುವುದಿಲ್ಲ. ದಿನಕ್ಕೆ ಇಷ್ಟು ಬಾರಿ ಹತ್ತಿ ಇಳಿಯಬೇಕಾಗಿದ್ದು, ಮೊದಲ ಅವಧಿಯ ತರಗತಿಗಳು ಭಾಗಶಃ ತಪ್ಪುತ್ತಿವೆ. ನಮ್ಮ ತರಗತಿಯನ್ನು ನೆಲಮಹಡಿಯ ಯಾವುದಾದರೂ ಕೊಠಡಿಗೆ ಬದಲಾಯಿಸಬೇಕೆಂದು, ಕೈಗೊಂಡ ಕ್ರಮವನ್ನು ಏಳು ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಸಾಧ್ಯವಿಲ್ಲದಿದ್ದಲ್ಲಿ ಕಾರಣವನ್ನು ಲಿಖಿತವಾಗಿ ನೀಡಬೇಕೆಂದು ಕೋರುತ್ತೇನೆ.’

ಮುಗಿಯಿತು, ಇಷ್ಟೇ. ಮೆಟ್ಟಿಲುಗಳನ್ನು ನಿಜವಾಗಿಯೂ ಎಣಿಸಿ ಬರೆಯಿರಿ. ‘ತುಂಬಾ ಮೆಟ್ಟಿಲು’ ಎಂದು ಬರೆದರೆ ಓದುವವರ ಕಣ್ಣು ಮುಂದೆ ಹೋಗುತ್ತದೆ, ಸಂಖ್ಯೆ ಕಂಡರೆ ಅಲ್ಲಿ ನಿಲ್ಲುತ್ತದೆ. ಅಧ್ಯಾಪಕರ ಮಾತನ್ನು ಈ ಕಾಗದದಲ್ಲಿ ಎಳ್ಳಷ್ಟೂ ತರಬೇಡಿ. ಕೊನೆಯ ವಾಕ್ಯವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಕಾರಣವನ್ನು ಲಿಖಿತವಾಗಿ ಕೊಡಿ ಎಂದಾಗಲೇ ಅರ್ಧ ಕಚೇರಿಗಳು ಕೊಠಡಿ ಹುಡುಕಲು ಶುರು ಮಾಡುತ್ತವೆ.

ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ, ಸಹಿ, ಇನ್‌ವರ್ಡ್ ಸಂಖ್ಯೆ ಹಾಕಿಸಿಕೊಳ್ಳಿ. ‘ಇಟ್ಟು ಹೋಗಮ್ಮ, ಸಾಹೇಬರಿಗೆ ಕೊಡುತ್ತೇನೆ’ ಎನ್ನುವವರು ಖಂಡಿತ ಸಿಗುತ್ತಾರೆ. ಅವರೊಂದಿಗೆ ವಾದಕ್ಕಿಳಿಯಬೇಡಿ. ನೇರವಾಗಿ ಅಂಚೆ ಕಚೇರಿಗೆ ಹೋಗಿ ಅದೇ ಕಾಗದವನ್ನು ಪ್ರಾಂಶುಪಾಲರ ಹೆಸರಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಪ್ರತಿಗೆ ಪಿನ್ ಮಾಡಿ, ತಲುಪಿದ ವಿವರವನ್ನು ಅಂಚೆ ಇಲಾಖೆಯ ಜಾಲತಾಣದಿಂದ ಮುದ್ರಿಸಿಟ್ಟುಕೊಳ್ಳಿ. ಮೊಹರಿನಷ್ಟೇ ಬೆಲೆ ಅದಕ್ಕೂ ಇದೆ. ಕಾಲೇಜಿನ ಅಧಿಕೃತ ಇ–ಮೇಲ್‌ಗೂ ಒಂದು ಪ್ರತಿ ಹೋಗಲಿ.

ಪರೀಕ್ಷೆಯ ಸಮಯದ ಮನವಿ ಎರಡು ಕಡೆ ಹೋಗಬೇಕು. ಆಂತರಿಕ ಪರೀಕ್ಷೆ ಕಾಲೇಜಿನ ಕೈಯಲ್ಲಿದೆ, ಆದ್ದರಿಂದ ಪ್ರಾಂಶುಪಾಲರಿಗೆ. ಸೆಮಿಸ್ಟರ್ ಪರೀಕ್ಷೆ ವಿಶ್ವವಿದ್ಯಾಲಯದ್ದು, ಆದ್ದರಿಂದ ಪ್ರಾಂಶುಪಾಲರ ಮೂಲಕ ಪರೀಕ್ಷಾಂಗ ಕುಲಸಚಿವರಿಗೆ, ಮುಂಗಡ ಪ್ರತಿಯನ್ನು ನೇರವಾಗಿ. ಪರೀಕ್ಷಾ ಅರ್ಜಿ ತುಂಬುವ ಸಮಯದಲ್ಲೇ ಕೊಡಿ. ಪ್ರವೇಶಪತ್ರ ಕೈಗೆ ಬಂದ ಮೇಲೆ ಓಡಾಡಿದರೆ ವಿಶ್ವವಿದ್ಯಾಲಯದ ಕ್ಯಾಂಪಸ್ ಇರುವ ಬಿದರಕಟ್ಟೆಗೂ ಕಾಲೇಜಿಗೂ ತಿರುಗುವುದರಲ್ಲೇ ಓದು ಕೆಡುತ್ತದೆ. ನಿಮ್ಮ ಪರೀಕ್ಷಾ ಕೊಠಡಿ ನೆಲಮಹಡಿಯಲ್ಲಿರಲಿ ಎಂಬುದನ್ನೂ ಅದೇ ಅರ್ಜಿಯಲ್ಲಿ ಸೇರಿಸಿ. ಸೆಕ್ಷನ್ 17 ಪರೀಕ್ಷಾ ಪದ್ಧತಿಯಲ್ಲಿ ಹೆಚ್ಚುವರಿ ಸಮಯ, ಸ್ಕ್ರೈಬ್ ಮುಂತಾದ ಮಾರ್ಪಾಡುಗಳನ್ನು ಹೇಳುತ್ತದೆ, ಅದನ್ನು ಉಲ್ಲೇಖಿಸಿ.

ಹೆಚ್ಚಿನವರಿಗೆ ಹೊಳೆಯದ ಒಂದು ಪುರಾವೆ ನಿಮ್ಮ ಕಾಲೇಜಿನ ಜಾಲತಾಣದಲ್ಲೇ ಇರಬಹುದು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮಾನ್ಯತೆಗೆ ಕಾಲೇಜುಗಳು ಸ್ವಯಂ ಅಧ್ಯಯನ ವರದಿ ಸಲ್ಲಿಸುತ್ತವೆ. ಅದರ ಏಳನೇ ಮಾನದಂಡದಲ್ಲಿ ವಿಕಲಚೇತನಸ್ನೇಹಿ ಸೌಲಭ್ಯಗಳ ಬಗ್ಗೆ ಕೇಳುತ್ತಾರೆ: ರ‍್ಯಾಂಪ್ ಅಥವಾ ಲಿಫ್ಟ್ ಇದೆಯೇ, ಶೌಚಾಲಯ ಇದೆಯೇ, ಸ್ಕ್ರೈಬ್ ನೆರವು ಇದೆಯೇ. ಅಂಕ ಬೇಕಲ್ಲ, ಧಾರಾಳವಾಗಿ ‘ಇದೆ’ ಎಂದು ಬರೆದು ಫೋಟೊ ಲಗತ್ತಿಸಿದ ವರದಿಗಳು ಕಡಿಮೆಯಿಲ್ಲ. ಆ ಪುಟ ಸಿಕ್ಕಿದರೆ ಮುದ್ರಿಸಿಟ್ಟುಕೊಳ್ಳಿ. ನ್ಯಾಕ್ ತಂಡಕ್ಕೆ ಇದೆ ಎಂದದ್ದು ವಿದ್ಯಾರ್ಥಿನಿಗೆ ಏಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಯಾವ ಪ್ರಾಂಶುಪಾಲರಿಗೂ ಸುಲಭವಲ್ಲ. ಮನವಿಗೆ ಇದನ್ನು ಲಗತ್ತಿಸಬೇಡಿ, ದೂರಿನ ಹಂತಕ್ಕೆ ಉಳಿಸಿಕೊಳ್ಳಿ.

ಏಳೆಂಟು ದಿನ ಕಾದು ಉತ್ತರ ಬಾರದಿದ್ದರೆ, ಅಥವಾ ಮತ್ತೆ ‘40 ಇಲ್ಲ’ ಎಂದೇ ಬಂದರೆ, ಆಗ ದೂರು. ಮೊದಲ ಬಾಗಿಲು ಕಾಲೇಜಿನ ಒಳಗೇ ಇದೆ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ವಿದ್ಯಾರ್ಥಿ ಕುಂದುಕೊರತೆ ಪರಿಹಾರ ನಿಯಮಾವಳಿ 2023ರ ಪ್ರಕಾರ ಪ್ರತಿ ಕಾಲೇಜಿನಲ್ಲೂ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು, ದೂರು ಸಲ್ಲಿಸಲು ಆನ್‌ಲೈನ್ ವ್ಯವಸ್ಥೆ ಇರಬೇಕು. ವಿಕಲಚೇತನ ವಿದ್ಯಾರ್ಥಿಗಳ ಮೇಲಿನ ತಾರತಮ್ಯವನ್ನು ಆ ನಿಯಮಾವಳಿ ಹೆಸರಿಸಿಯೇ ‘ಕುಂದುಕೊರತೆ’ಯ ಪಟ್ಟಿಗೆ ಸೇರಿಸಿದೆ. ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಟ್ಟು ನಿಮಗೂ ಪ್ರತಿ ನೀಡಬೇಕು. ವಿಚಾರಣೆಗೆ ನೀವೇ ಹೋಗಬಹುದು, ನಿಮ್ಮ ಪರವಾಗಿ ಪ್ರತಿನಿಧಿಯನ್ನೂ ಕಳಿಸಬಹುದು. ನೀವೇ ಹೋಗಿ ಎಂಬುದು ನನ್ನ ಸಲಹೆ, ಜೊತೆಗೆ ಒಬ್ಬರಿರಲಿ. ಆ ಸಭೆಯೂ ಮಹಡಿಯ ಮೇಲಿನ ಕೊಠಡಿಯಲ್ಲೇ ಎಂದು ನೋಟಿಸ್ ಬಂದರೆ ಅದನ್ನೂ ಬರೆದುಕೊಳ್ಳಿ, ನಗುವ ಮಾತಲ್ಲ.

ಸಮಿತಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ, ವರದಿ ಕೈಸೇರಿದ 15 ದಿನಗಳೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ವಿದ್ಯಾರ್ಥಿಗಳ ಮೇಲ್ಮನವಿ ಕೇಳುವ ಈ ಹುದ್ದೆಯಲ್ಲಿ ನಿವೃತ್ತ ಕುಲಪತಿಗಳೋ ನಿವೃತ್ತ ಪ್ರಾಧ್ಯಾಪಕರೋ ಮಾಜಿ ಜಿಲ್ಲಾ ನ್ಯಾಯಾಧೀಶರೋ ಇರುತ್ತಾರೆ. 30 ದಿನಗಳಲ್ಲಿ ಇತ್ಯರ್ಥಪಡಿಸಬೇಕು ಎಂದು ನಿಯಮ. ನಿಮ್ಮ ಕಾಲೇಜು ತುಮಕೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದರೆ ಅಲ್ಲಿನವರಿಗೆ. ಕೋಲಾರ, ಚಿಕ್ಕಬಳ್ಳಾಪುರದ ಪದವಿ ಕಾಲೇಜುಗಳ ಓದುಗರು ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಎಂದು ಓದಿಕೊಳ್ಳಬೇಕು. ಎಂಜಿನಿಯರಿಂಗ್, ವೈದ್ಯಕೀಯದವರಿಗೆ ಅವರವರ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯದವರಿಗೆ ಅವರದೇ ಒಂಬುಡ್ಸ್‌ಪರ್ಸನ್. ಒಂದು ಎಚ್ಚರಿಕೆ: ಸುಳ್ಳು ದೂರು ಎಂದು ಕಂಡುಬಂದರೆ ದೂರುದಾರರ ಮೇಲೆ ಕ್ರಮಕ್ಕೆ ಶಿಫಾರಸು ಮಾಡುವ ಅಧಿಕಾರವೂ ಅವರಿಗಿದೆ. ಬಣ್ಣ ಹಚ್ಚಿ ಬರೆಯಬೇಡಿ ಎಂದು ನಾನು ಹೇಳುವುದು ಇದಕ್ಕೇ.

2012ರ ಯುಜಿಸಿ ನಿಯಮಾವಳಿಯಂತೆ ಸಮಾನ ಅವಕಾಶ ಕೋಶ ಮತ್ತು ತಾರತಮ್ಯ ವಿರೋಧಿ ಅಧಿಕಾರಿಯೂ ಇರಬೇಕು. ಅನೇಕ ಕಡೆ ಅದು ಬೋರ್ಡಿನ ಮೇಲಿನ ಹೆಸರಷ್ಟೇ. ದೂರಿನ ಪ್ರತಿಯೊಂದನ್ನು ಅವರಿಗೂ ಕೊಟ್ಟು ಮುಂದೆ ಸಾಗಿ. ಯುಜಿಸಿಯ ಇ–ಸಮಾಧಾನ್ ಪೋರ್ಟಲ್, ರಾಜ್ಯ ಸರ್ಕಾರದ 1902 ಸಹಾಯವಾಣಿ, ಇವುಗಳ ಬಗ್ಗೆ ಕೇಳುವವರಿಗೆ ನನ್ನ ಅಭಿಪ್ರಾಯ ಒಂದೇ. ಅಲ್ಲಿ ಕೊಟ್ಟ ದೂರು ಸುತ್ತಿ ಬಳಸಿ ಅದೇ ಪ್ರಾಂಶುಪಾಲರ ಮೇಜಿಗೆ ಬರುತ್ತದೆ. ದಾಖಲೆಗಾಗಿ ಹಾಕಬಹುದು, ಅದನ್ನೇ ನಂಬಿ ಕೂರಬಾರದು.

ಕಾಲೇಜಿನ ಹೊರಗೆ ನಿಜವಾದ ಬಲ ಇರುವುದು ವಿಕಲಚೇತನರ ಕಾಯ್ದೆಯ ರಾಜ್ಯ ಆಯುಕ್ತರಲ್ಲಿ. ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಕನ್ನಡದಲ್ಲಿ ಬರೆದು ಅಂಚೆಯಲ್ಲಿ ಕಳಿಸಿದರೆ ಸಾಕು. ಸೆಕ್ಷನ್ 80ರಂತೆ ಅವರು ವಿಚಾರಣೆ ಮಾಡಬಹುದು. ಸೆಕ್ಷನ್ 82ರಂತೆ ಜನರನ್ನು ಕರೆಸಲು, ದಾಖಲೆ ತರಿಸಲು ಸಿವಿಲ್ ನ್ಯಾಯಾಲಯದ ಅಧಿಕಾರ ಅವರಿಗಿದೆ. ಅವರು ಕೊಡುವುದು ಶಿಫಾರಸು, ನ್ಯಾಯಾಲಯದ ಡಿಕ್ರಿಯಲ್ಲ ಎಂಬುದನ್ನು ತಿಳಿದಿರಿ. ಆದರೆ ಸಂಸ್ಥೆ ಅದನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. ಏನು ಕ್ರಮ ಕೈಗೊಂಡೆವು ಎಂದು ಮೂರು ತಿಂಗಳಲ್ಲಿ ತಿಳಿಸಬೇಕು, ಒಪ್ಪದಿದ್ದರೆ ಅದೇ ಅವಧಿಯಲ್ಲಿ ಕಾರಣವನ್ನು ಆಯುಕ್ತರಿಗೂ ನಿಮಗೂ ಹೇಳಬೇಕು. ಕಾಯ್ದೆ ಉಲ್ಲಂಘನೆಗೆ ಸೆಕ್ಷನ್ 89ರಲ್ಲಿ ಮೊದಲ ಸಲ 10,000 ರೂಪಾಯಿವರೆಗೆ, ಮರುಕಳಿಸಿದರೆ 50,000ದಿಂದ 5 ಲಕ್ಷದವರೆಗೆ ದಂಡವಿದೆ.

ಆಯುಕ್ತರಿಗೆ ಬರೆಯುವ ದೂರು ಎರಡು ಪುಟ ಮೀರದಿರಲಿ. ಯಾವ ದಿನ ಏನು ಕೇಳಿದೆ, ಯಾವ ದಿನ ಏನು ಉತ್ತರ ಬಂತು ಅಥವಾ ಬರಲಿಲ್ಲ, ಸಮಿತಿ ಏನು ಹೇಳಿತು, ಈಗ ಏನು ಆದೇಶ ಬೇಕು. ಮೊಹರಿನ ಪ್ರತಿಗಳು, ಅಂಚೆ ರಸೀದಿ, ವೈದ್ಯಕೀಯ ಪ್ರಮಾಣಪತ್ರ, ವೇಳಾಪಟ್ಟಿ, ಮೆಟ್ಟಿಲಿನ ಫೋಟೊ, ನ್ಯಾಕ್ ವರದಿಯ ಆ ಪುಟ, ಇವಕ್ಕೆಲ್ಲ ಸಂಖ್ಯೆ ಹಾಕಿ ಲಗತ್ತಿಸಿ. ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೂ ಒಂದು ಪ್ರತಿ ಕೊಡಿ. ಕಾಲೇಜಿಗೆ ಆದೇಶ ಮಾಡುವ ಅಧಿಕಾರ ಅವರಿಗಿಲ್ಲ, ಆದರೆ ಅವರಿಂದ ಹೋಗುವ ಒಂದು ಫೋನ್ ಕರೆ ಕೆಲವು ಸಲ ಎಲ್ಲಕ್ಕಿಂತ ಬೇಗ ಕೆಲಸ ಮಾಡುತ್ತದೆ. ಕಾಗದಪತ್ರ ಹೊಂದಿಸಲು ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು, ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಅವರಲ್ಲಿ ಬಹಳಷ್ಟು ಮಂದಿ ಸ್ವತಃ ವಿಕಲಚೇತನರು, ಯಾವ ಕಚೇರಿಯಲ್ಲಿ ಯಾವ ಮೇಜು ಎಂದು ನನಗಿಂತ ಚೆನ್ನಾಗಿ ಬಲ್ಲವರು.

ಪರೀಕ್ಷೆ ಮುಂದಿನ ವಾರವೇ ಇದ್ದು ಇಷ್ಟೆಲ್ಲಕ್ಕೂ ಸಮಯವಿಲ್ಲ ಎಂದಾದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿ ಮಧ್ಯಂತರ ಆದೇಶ ಕೇಳಬೇಕಾಗುತ್ತದೆ. ಖರ್ಚಿಗೆ ಹೆದರಬೇಡಿ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರ ಸೆಕ್ಷನ್ 12ರಂತೆ ವಿಕಲಚೇತನರಿಗೆ ಉಚಿತ ಕಾನೂನು ನೆರವು ಹಕ್ಕಾಗಿ ದೊರೆಯುತ್ತದೆ, ಮಹಿಳೆಯರಿಗೂ ಅಷ್ಟೇ. ಇಬ್ಬರಿಗೂ ಆದಾಯದ ಮಿತಿ ಇಲ್ಲ. ತುಮಕೂರಿನ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ, ದೂರವಾಣಿಯಲ್ಲಾದರೆ 15100.

ಈಗ ಆ ಅಧ್ಯಾಪಕರ ಮಾತು. ನೋವಾಗಿರುವುದು ಸಹಜ. ಸೆಕ್ಷನ್ 92ರ ಪ್ರಕಾರ ವಿಕಲಚೇತನರನ್ನು ಸಾರ್ವಜನಿಕರ ಕಣ್ಣೆದುರು ಅವಮಾನಿಸುವ ಉದ್ದೇಶದಿಂದಲೇ ನಿಂದಿಸುವುದು ಅಪರಾಧ. ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಪೊಲೀಸ್ ಠಾಣೆಗೆ ಹೋಗಬಹುದೇ ಎಂದರೆ ಹೋಗಬಹುದು. ಹೋಗಲೇಬೇಕೇ ಎಂದರೆ, ಈ ಒಂದು ಮಾತಿನ ಮೇಲೆ ಮಾತ್ರ ಹೋದರೆ ‘ಉದ್ದೇಶ’ ಸಾಬೀತು ಮಾಡುವುದು ಕಷ್ಟ ಎಂಬುದು ನನ್ನ ಅನಿಸಿಕೆ. ‘ಕಾಳಜಿಯಿಂದ ಹೇಳಿದೆ’ ಎನ್ನುತ್ತಾರೆ, ಸಹಪಾಠಿಗಳು ಸಾಕ್ಷಿ ಹೇಳಲು ಹಿಂಜರಿಯುತ್ತಾರೆ, ನಿಮ್ಮ ಶಕ್ತಿಯೆಲ್ಲ ಅಲ್ಲೇ ಸೋರಿಹೋಗುತ್ತದೆ. ಇಂದೇ ಒಂದು ನೋಟ್‌ಬುಕ್ ತೆಗೆದುಕೊಂಡು ಆ ದಿನಾಂಕ, ಅವಧಿ, ಅವರು ಆಡಿದ ಮಾತು ಅದೇ ಪದಗಳಲ್ಲಿ, ಪಕ್ಕದಲ್ಲಿ ಕುಳಿತಿದ್ದವರ ಹೆಸರು ಬರೆದಿಡಿ. ಅಡ್ಡಹೆಸರಿಟ್ಟು ಕರೆಯುವುದು, ನಡಿಗೆಯನ್ನು ಅಣಕಿಸುವುದು, ಬೆದರಿಸುವುದು ನಡೆದರೆ ಅಥವಾ ಇದೇ ಮಾತು ಮತ್ತೆ ಮತ್ತೆ ಬಂದರೆ ಲೆಕ್ಕವೇ ಬೇರೆ. ಆಗ ಆ ನೋಟ್‌ಬುಕ್ ಹಿಡಿದು ಕುಂದುಕೊರತೆ ಸಮಿತಿಗೂ ಠಾಣೆಗೂ ಹೋಗಿ, ನಾನು ತಡೆಯುವುದಿಲ್ಲ. ಸಹಪಾಠಿಗಳೇ ಅಣಕಿಸುತ್ತಿದ್ದರೆ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522ಕ್ಕೂ ತಿಳಿಸಬಹುದು.

ಆಂತರಿಕ ಅಂಕದ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಅಂಕ ಅಧ್ಯಾಪಕರ ಕೈಯಲ್ಲಿರುತ್ತದೆ, ಅದು ನಿಮಗೂ ಗೊತ್ತು, ಅವರಿಗೂ ಗೊತ್ತು. ಆದರೆ ಮೊಹರು ಬಿದ್ದ ಕಾಗದ ಇಲ್ಲಿಯೂ ನಿಮ್ಮ ಪರವಾಗಿಯೇ ನಿಲ್ಲುತ್ತದೆ. ದೂರು ಕೊಡುವ ಮೊದಲಿನ ಅಂಕ ಮತ್ತು ನಂತರದ ಅಂಕದ ನಡುವೆ ದಿನಾಂಕದ ಗೆರೆ ಬಿದ್ದುಬಿಟ್ಟಿರುತ್ತದೆ, ಇದ್ದಕ್ಕಿದ್ದಂತೆ ಕುಸಿದರೆ ಕಾರಣ ಕೇಳುವುದು ಸುಲಭ. ಮರಳಿ ಕೊಟ್ಟ ಕಿರುಪರೀಕ್ಷೆಯ ಉತ್ತರ ಪತ್ರಿಕೆ, ನಿಯೋಜಿತ ಕಾರ್ಯ ಎಲ್ಲದರ ಫೋಟೊ ಇಟ್ಟುಕೊಳ್ಳಿ. ಸೂಚನಾಫಲಕದಲ್ಲಿ ಹಾಕಿದ ಅಂಕಪಟ್ಟಿಯ ಚಿತ್ರವನ್ನೂ ತೆಗೆಯಿರಿ. ಮೌಲ್ಯಮಾಪನವಾದ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡುವ ಅಧಿಕಾರ ವಿದ್ಯಾರ್ಥಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಎಂಬುದು ನೆನಪಿರಲಿ, ಇಲ್ಲದಿದ್ದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. ಅನ್ಯಾಯದ ಮೌಲ್ಯಮಾಪನ ಕೂಡ ಕುಂದುಕೊರತೆ ಸಮಿತಿಯ ವ್ಯಾಪ್ತಿಯಲ್ಲೇ ಬರುತ್ತದೆ.

ನಿಮ್ಮ ತಂದೆಯವರಿಗೆ ಈ ಉತ್ತರವನ್ನು ಓದಿ ಹೇಳಿ. ಮಗಳು ಕಾಲೇಜಿನ ಮೇಲೆ ಕೇಸು ಹಾಕುತ್ತಾಳೆ ಎಂದು ಅವರು ತಿಳಿದಿರಬಹುದು. ಸದ್ಯಕ್ಕೆ ನೀವು ಕೊಡುತ್ತಿರುವುದು ಎರಡು ಮನವಿ ಪತ್ರ, ಅದೂ ಕೊಠಡಿ ಬದಲಾಯಿಸಿ, 20 ನಿಮಿಷ ಕೊಡಿ ಎಂದು. ಅಲ್ಲಿಗೇ ಮುಗಿಯುವ ಸಾಧ್ಯತೆ ಹೆಚ್ಚು. ಜಿಲ್ಲಾ ಆಸ್ಪತ್ರೆಗೆ ಹೋಗುವ ದಿನ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಯುಡಿಐಡಿ ಕಾರ್ಡ್, ಆಧಾರ್, ಹಳೆಯ ಚಿಕಿತ್ಸೆಯ ಚೀಟಿಗಳು, ಎರಡು ಭಾವಚಿತ್ರ ಕೈಯಲ್ಲಿರಲಿ. ಪ್ರಮಾಣಪತ್ರ ಸಿಕ್ಕಿದ ಮೇಲೆ ಕಾಲೇಜಿನಲ್ಲಾಗಲಿ ವಿಶ್ವವಿದ್ಯಾಲಯದಲ್ಲಾಗಲಿ ಮೂಲ ಪ್ರತಿಯನ್ನು ಯಾರಿಗೂ ಬಿಟ್ಟುಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು, ಮೂಲವನ್ನು ವಾಪಸ್ ತೆಗೆದುಕೊಂಡು ಬನ್ನಿ.